ಎತ್ತುವ ಹೊತ್ತು

ಕೂನೂರಿನಿಂದ ತಂದ ಟೀ ಎಲೆ ನಮ್ಮ ಮನೆಯಲ್ಲಿ ಸುಮಾರು ಎರಡು ತಿಂಗಳು ಕಹಿಯಾಗಿಯೇ ಇತ್ತು. ಅಲ್ಲಿ ಕುಡಿದಾಗ ಹಾಗಿರಲಿಲ್ಲ. ಹಾಲಿಲ್ಲ, ಸಕ್ಕರೆ ಇಲ್ಲ, ಆದರೂ ಕುಡಿದ ಮೇಲೆ ಬಾಯಲ್ಲಿ ಒಂದು ಸಣ್ಣ ಸಿಹಿ ಉಳಿದಿತ್ತು. ಮೂಗಿನ ಹತ್ತಿರ ತಂದರೆ ಹೂವಿನ ವಾಸನೆ. ಅದಕ್ಕೇ ಅಲ್ವಾ ಕಾಲು ಕೆಜಿ ಕಟ್ಟಿಸಿಕೊಂಡು ಬಂದದ್ದು. ಆದರೆ ಬೆಂಗಳೂರಿನ ನಮ್ಮ ಅಡುಗೆಮನೆಯಲ್ಲಿ ಅದೇ ಎಲೆಯ ಟೀ ಬೇರೆಯೇ ಆಗಿಬಿಟ್ಟಿತು. ಮೊದಲ ಗುಟುಕು ನೀರು ನೀರು. ಕೊನೆಯ ಗುಟುಕು ನಾಲಿಗೆ ಹಿಡಿದು ಎಳೆಯುವಷ್ಟು ಒಗರು. ನಡುವೆ ಎಲ್ಲೋ ಎರಡು ಗುಟುಕಿನಲ್ಲಿ ಮಾತ್ರ ಕೂನೂರು ಇಣುಕಿ ಹೋಗುತ್ತಿತ್ತು. ಆ ಎರಡು ಗುಟುಕು ಇಲ್ಲದೇ ಹೋಗಿದ್ದರೆ ಎಲೆಯೇ ಸರಿ ಇಲ್ಲ ಅಂತ ಕೈಬಿಡುತ್ತಿದ್ದೆ. ಅವು ಇದ್ದದ್ದರಿಂದಲೇ ಈ ವಿಷಯ ನನ್ನನ್ನು ಕಾಡತೊಡಗಿತು.

ಡಬ್ಬಿ ಬದಲಾಯಿಸಿದೆ. ಒಲೆಯ ಹತ್ತಿರ ಇಟ್ಟದ್ದಕ್ಕೆ ಹೀಗಾಯಿತೇನೋ ಅಂತ ಕಪಾಟಿನ ಒಳಗಿಟ್ಟೆ. ಎಲೆ ಕಡಿಮೆ ಹಾಕಿ ನೋಡಿದೆ, ಜಾಸ್ತಿ ಹಾಕಿ ನೋಡಿದೆ. ಜಾಸ್ತಿ ಹಾಕಿದ ದಿನ ಮೊದಲ ಗುಟುಕು ನೀರು ನೀರಾಗಿಯೇ ಉಳಿಯಿತು, ಕೊನೆಯ ಒಗರು ಮಾತ್ರ ಹೆಚ್ಚಾಯಿತು. ಇದು ನನಗೆ ಅರ್ಥವೇ ಆಗಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ಮೊದಲ ತುತ್ತಿನಿಂದಲೇ ಗೊತ್ತಾಗುತ್ತದೆ. ಇದ್ಯಾಕೆ ಹೀಗೆ?

ಆಗ ನಾನು ಬಳಸುತ್ತಿದ್ದದ್ದು ಸ್ಟೀಲಿನ ಒಂದು ಉಂಡೆ. ಟೀ ಇನ್‌ಫ್ಯೂಸರ್ ಅಂತ ಆನ್‌ಲೈನಿನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದೇ ಅದು. ನಿಂಬೆಹಣ್ಣಿನಷ್ಟು ಗಾತ್ರ, ಮೈತುಂಬ ತೂತು, ನಡುವೆ ಒಂದು ಕೀಲು, ಮೇಲೆ ಸರಪಳಿ, ಸರಪಳಿಯ ತುದಿಗೆ ಲೋಟದ ಅಂಚಿಗೆ ಸಿಕ್ಕಿಸುವ ಕೊಕ್ಕೆ. ಬಿಚ್ಚಿ ಎಲೆ ತುಂಬಬೇಕು, ಮುಚ್ಚಬೇಕು, ಬಿಸಿನೀರಿಗೆ ಇಳಿಬಿಡಬೇಕು. ನಾನು ಹಾಗೆ ಇಳಿಬಿಟ್ಟು, ಅದನ್ನು ಲೋಟದಲ್ಲೇ ಇಟ್ಟುಕೊಂಡು ಟೀ ಕುಡಿಯುತ್ತಿದ್ದೆ.

ಉಂಡೆಯೊಳಗಿನ ಎಲೆ

ಒಂದು ಭಾನುವಾರ ಪಾತ್ರೆ ತೊಳೆಯುವಾಗ ಉಂಡೆ ಬಿಚ್ಚಿಕೊಳ್ಳಲಿಲ್ಲ. ಒಳಗಿನ ಎಲೆ ಊದಿ ಬಿಗಿಯಾಗಿತ್ತು. ಚಮಚದ ತುದಿ ಹಾಕಿ ಮೀಟಿ ತೆಗೆದೆ. ಎಲೆಯ ಮುದ್ದೆ ಹಾಗೇ ಉಂಡೆಯ ಆಕಾರದಲ್ಲೇ ಕೈಗೆ ಬಂತು. ಸುಮ್ನೆ ಕುತೂಹಲಕ್ಕೆ ಅದನ್ನು ಎರಡು ಭಾಗ ಮಾಡಿದೆ. ಹೊರಗಿನ ಎಲೆಗಳು ಅರಳಿ, ತೂತುಗಳಿಗೆ ಒತ್ತಿಕೊಂಡು, ಕಂದು ಬಣ್ಣಕ್ಕೆ ತಿರುಗಿದ್ದವು. ನಟ್ಟನಡುವಿನವು ಇನ್ನೂ ಕಪ್ಪಗೆ, ಹುರಿ ಬಿಚ್ಚದೆ, ಪೊಟ್ಟಣದಲ್ಲಿ ಇದ್ದ ಹಾಗೇ ಇದ್ದವು. ಒದ್ದೆಯಾಗಿದ್ದವು ಅಷ್ಟೇ. ಕಾಲು ಗಂಟೆ ಬಿಸಿನೀರಿನಲ್ಲಿ ಇದ್ದರೂ ಅವುಗಳ ತನಕ ನೀರು ಸರಿಯಾಗಿ ಹೋಗಿರಲೇ ಇಲ್ಲ. ಹೋದ ಅಷ್ಟಿಷ್ಟು ನೀರಿಗೆ ವಾಪಸು ಹೊರಗೆ ಬರಲು ದಾರಿ ಇರಲಿಲ್ಲ. ತೂತುಗಳನ್ನು ಹೊರಗಿನ ಎಲೆಗಳೇ ಮುಚ್ಚಿಬಿಟ್ಟಿದ್ದವು.

ಆಗ ಕೂನೂರಿನ ಆ ಕೋಣೆ ನೆನಪಾಯಿತು. ಗುಂಡ್ಲುಪೇಟೆ ದಾಟಿ, ಬಂಡೀಪುರ, ಮುದುಮಲೆ ಕಾಡು ಹಾದು ಊಟಿಗೆ ಹೋದವರು ಮರುದಿನ ಕೂನೂರಿಗೆ ಇಳಿದಿದ್ದೆವು. ಅಲ್ಲಿ ಒಂದು ಸಣ್ಣ ಟೀ ಕಾರ್ಖಾನೆಯೊಳಗೆ ಬಿಟ್ಟರು. ತೋರಿಸಿದವರು ಐವತ್ತರ ಆಸುಪಾಸಿನ ಒಬ್ಬರು. ನೀಲಗಿರಿಯ ಬಡಗ ಸಮುದಾಯದವರು. ಅವರ ಮನೆಮಾತು ನಮ್ಮ ಕನ್ನಡಕ್ಕೆ ಎಷ್ಟು ಹತ್ತಿರ ಅಂದರೆ, ಕೆಲಸದವರ ಜೊತೆ ಅವರು ಆಡುತ್ತಿದ್ದ ಮಾತು ಅರ್ಧಕ್ಕರ್ಧ ತಿಳಿಯುತ್ತಿತ್ತು. ನೀಲಗಿರಿಯ ಸಣ್ಣ ಟೀ ಬೆಳೆಗಾರರಲ್ಲಿ ತುಂಬ ಜನ ಬಡಗರೇ. ಆ ಬೆಟ್ಟದ ಅತಿ ಎತ್ತರದ ಜಾಗಕ್ಕೆ ದೊಡ್ಡಬೆಟ್ಟ ಅಂತಲೇ ಹೆಸರು, 2,637 ಮೀಟರ್. ಅದನ್ನು ನಮಗೆ ಯಾರೂ ಅನುವಾದ ಮಾಡಿ ಹೇಳಬೇಕಾಗಿಲ್ಲ. ಅವರು ನಮ್ಮ ಜೊತೆ ಮೈಸೂರು ಕಡೆಯ ಕನ್ನಡದಲ್ಲೇ ಮಾತಾಡಿದರು.

ರುಚಿ ನೋಡುವ ಕೋಣೆಯಲ್ಲಿ ಉದ್ದದ ಮೇಜು. ಅದರ ಮೇಲೆ ಸಾಲಾಗಿ ಬಿಳಿ ಪಿಂಗಾಣಿ ಬಟ್ಟಲು, ಪ್ರತಿ ಬಟ್ಟಲಿನ ಪಕ್ಕ ಮುಚ್ಚಳ ಇರುವ ಒಂದು ಪಿಂಗಾಣಿ ಕಪ್ಪು. ಕಪ್ಪಿನ ಅಂಚಿನಲ್ಲಿ ಒಂದು ಕಡೆ ಹಲ್ಲು ಹಲ್ಲಿನ ಹಾಗೆ ಕಚ್ಚು. ಸಣ್ಣ ತಕ್ಕಡಿಯಲ್ಲಿ ಎಲೆ ತೂಗಿ ಕಪ್ಪಿಗೆ ಹಾಕಿದರು, ಕುದಿಯುವ ನೀರು ಹುಯ್ದರು, ಮುಚ್ಚಿದರು, ಗಡಿಯಾರ ತಿರುಗಿಸಿದರು. ಗಂಟೆ ಬಾರಿಸಿದ ಕೂಡಲೇ ಮುಚ್ಚಳ ಒತ್ತಿ ಹಿಡಿದು ಕಪ್ಪನ್ನು ಬಟ್ಟಲಿನೊಳಗೆ ಅಡ್ಡ ಮಲಗಿಸಿದರು. ಕಚ್ಚಿನ ಸಂದಿನಿಂದ ನೀರು ಮಾತ್ರ ಇಳಿಯಿತು. ಆಮೇಲೆ ಕಪ್ಪನ್ನು ಕೊಡವಿ, ಒಳಗಿದ್ದ ಎಲೆಯನ್ನೆಲ್ಲ ಮುಚ್ಚಳದ ಮೇಲೆ ಕವುಚಿ ನಮ್ಮ ಮುಂದೆ ಇಟ್ಟರು. 'ಮೊದಲು ಎಲೆ ನೋಡಿ, ಆಮೇಲೆ ಕುಡಿಯುವಿರಂತೆ' ಅಂದರು. ತಾಮ್ರದ ಬಣ್ಣ. ಎರಡು ಎಲೆ, ಒಂದು ಕುಡಿ, ಅಂಚಿನ ಗರಗಸವೂ ಕಾಣುತ್ತಿತ್ತು. ಗಿಡದಲ್ಲಿ ಇದ್ದ ಆಕಾರ ಪೂರ್ತಿ ವಾಪಸು ಬಂದಿತ್ತು. ಕೊಯ್ದು, ರಾತ್ರಿಯಿಡೀ ಬಾಡಿಸಿ, ಯಂತ್ರದಲ್ಲಿ ಹೊಸೆದು, ಗಾಳಿಗಿಟ್ಟು ಬಣ್ಣ ತರಿಸಿ, ಒಣಗಿಸಿದ ಎಲೆ ಅದು. ಅಷ್ಟು ಹುರಿಗೊಂಡದ್ದು ಬಿಸಿನೀರಿನಲ್ಲಿ ಕೆಲವೇ ನಿಮಿಷದಲ್ಲಿ ಬಿಚ್ಚಿಕೊಂಡಿತ್ತು.

ನಾನು ಇದನ್ನು ಕಣ್ಣಾರೆ ನೋಡಿದ್ದೆ. ಫೋಟೋ ಕೂಡ ತೆಗೆದಿದ್ದೆ. ಆದರೆ ಎಲೆ ಬಿಚ್ಚಿಕೊಳ್ಳುವುದಕ್ಕೆ ಜಾಗ ಬೇಕು ಅನ್ನುವುದು ಆ ಭಾನುವಾರ ಉಂಡೆ ಒಡೆಯುವ ತನಕ ತಲೆಗೆ ಹೋಗಿರಲಿಲ್ಲ. ಹೊಸೆದ ಎಲೆ ನೆನೆದರೆ ಮೂರು ನಾಲ್ಕು ಪಟ್ಟು ಹಿಗ್ಗುತ್ತದೆ. ನಿಂಬೆಹಣ್ಣಿನಷ್ಟು ಉಂಡೆಯಲ್ಲಿ ಅರ್ಧಕ್ಕೆ ತುಂಬಿದರೂ ಜಾಸ್ತಿಯೇ. ನಾನು ಟೀ ಸಪ್ಪೆ ಅಂತ ಮುಕ್ಕಾಲು ತುಂಬುತ್ತಿದ್ದೆ. ಎಲೆ ಜಾಸ್ತಿಯಾದಷ್ಟೂ ನೀರು ಆಡುವುದು ಕಡಿಮೆಯಾಗುತ್ತಿತ್ತು. ಮೊದಲ ಗುಟುಕಿನ ನೀರುತನಕ್ಕೆ ಕಾರಣ ಸಿಕ್ಕಿತು. ಕೊನೆಯ ಗುಟುಕಿನ ಒಗರಿಗೆ ಇನ್ನೂ ಸಿಕ್ಕಿರಲಿಲ್ಲ.

ಸೋಸುವುದು ಬೇರೆ

ನಮ್ಮ ಮನೆಗಳಲ್ಲಿ ಟೀ ಅಂದರೆ ಕುದಿಸುವುದು. ಸಾಗರದ ನಮ್ಮ ಮನೆಯಲ್ಲಿ ಅಮ್ಮ ಸಣ್ಣ ಪಾತ್ರೆಗೆ ನೀರಿಟ್ಟು, ಶುಂಠಿ ಜಜ್ಜಿ ಹಾಕಿ, ಟೀ ಪುಡಿ, ಸಕ್ಕರೆ ಸೇರಿಸಿ, ಕುದಿ ಬಂದ ಮೇಲೆ ಹಾಲು ಹಾಕಿ ಮತ್ತೆ ಉಕ್ಕು ಬರಿಸುತ್ತಾಳೆ. ಆಮೇಲೆ ಜರಡಿಯಲ್ಲಿ ಸೋಸಿ, ಚರಟವನ್ನು ಗುಲಾಬಿ ಗಿಡದ ಬುಡಕ್ಕೆ ಹಾಕುತ್ತಾಳೆ. ಈ ಟೀ ಎರಡು ನಿಮಿಷ ಜಾಸ್ತಿ ಕುದ್ದರೆ ಆಕಾಶ ಕಳಚಿ ಬೀಳುವುದಿಲ್ಲ. ಅದಕ್ಕೆ ಕಾರಣ ಹಾಲು. ಹಾಲಿನಲ್ಲಿರುವ ಕೇಸೀನ್ ಅನ್ನುವ ಪ್ರೋಟೀನು ಟೀಯ ಒಗರನ್ನು ಹಿಡಿದು ತನ್ನ ಜೊತೆ ಕಟ್ಟಿಹಾಕುತ್ತದೆ, ನಾಲಿಗೆಗೆ ತಾಗಲು ಬಿಡುವುದಿಲ್ಲ. ಪುಡಿಯೂ ಅದಕ್ಕೆ ತಕ್ಕ ಹಾಗೇ ಇದೆ. ಸಿಟಿಸಿ ಅನ್ನುತ್ತಾರಲ್ಲ, ಎಲೆಯನ್ನು ಜಜ್ಜಿ, ಹರಿದು, ಸಣ್ಣ ಕಾಳಿನ ಹಾಗೆ ಸುರುಟಿಸುವ ಯಂತ್ರ, ಅದು 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾದದ್ದು. ಇವತ್ತು ನಮ್ಮ ದೇಶದ ಟೀಯಲ್ಲಿ ದೊಡ್ಡ ಪಾಲು ಅದೇ. ಬೇಗ ಬಣ್ಣ ಬಿಡಬೇಕು, ಹಾಲು ಸಕ್ಕರೆ ಹಾಕಿದರೂ ಗಟ್ಟಿ ನಿಲ್ಲಬೇಕು. ಆ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ. ನಾನು ಈಗಲೂ ಊರಿಗೆ ಹೋದರೆ ಬೆಳಗ್ಗೆ ಅಮ್ಮನ ಟೀಯನ್ನೇ ಕುಡಿಯುವುದು, ಪ್ರೀತಿಯಿಂದ.

ನಾನು ಮಾಡುತ್ತಿದ್ದ ತಪ್ಪು ಏನೆಂದರೆ, ಇನ್‌ಫ್ಯೂಸರನ್ನು ಜರಡಿ ಅಂದುಕೊಂಡದ್ದು. ಚರಟ ಬಾಯಿಗೆ ಬರದಿದ್ದರೆ ಸಾಕು, ಅದರ ಕೆಲಸ ಮುಗಿಯಿತು ಅಂತ ನನ್ನ ಲೆಕ್ಕ. ಕಾಫಿ ಫಿಲ್ಟರ್ ನೋಡಿ ಬೆಳೆದವರಿಗೆ ಇದು ಸಹಜ. ಫಿಲ್ಟರಿನಲ್ಲಿ ಮೇಲೆ ನೀರು ಹಾಕಿ ನೀವು ಸ್ನಾನಕ್ಕೆ ಹೋಗಬಹುದು. ನೀರು ಪುಡಿಯ ಮೂಲಕ ತಾನಾಗಿ ಹಾದು ಕೆಳಗೆ ಇಳಿಯುತ್ತದೆ. ಇಳಿದದ್ದು ಪುಡಿಯಿಂದ ಬೇರೆಯಾಯಿತು, ಮತ್ತೆ ಮುಟ್ಟುವುದಿಲ್ಲ. ನಾವು ಹೇಳುವುದೂ ಹಾಗೇ, ಡಿಕಾಕ್ಷನ್ ಇಳಿಯಿತಾ ಅಂತ. ಟೀ ಇಳಿಯುವುದಿಲ್ಲ, ನೆನೆಯುತ್ತದೆ. ನೆನೆಯುವ ವಸ್ತುವಿಗೆ ತಾನಾಗಿ ನಿಲ್ಲುವುದು ಗೊತ್ತಿಲ್ಲ. ಎಲೆ ನೀರಿನಲ್ಲಿ ಇರುವಷ್ಟು ಹೊತ್ತೂ ಬಿಡುತ್ತಲೇ ಇರುತ್ತದೆ. ಅದೂ ಎಲ್ಲವನ್ನೂ ಒಟ್ಟಿಗೆ ಬಿಡುವುದಿಲ್ಲ. ಪರಿಮಳ, ಕೆಫೀನ್, ಬಾಯಿಗೆ ಮೃದು ಅನ್ನಿಸುವ ಅಮೈನೊ ಆಮ್ಲಗಳು ಬೇಗ ಬರುತ್ತವೆ. ಒಗರು ಕೊಡುವ ಪಾಲಿಫಿನಾಲು ಅನ್ನುವ ವಸ್ತುಗಳು ಹಿಂದಿನಿಂದ ಬರುತ್ತಲೇ ಇರುತ್ತವೆ. ನೀರು ಬಿಸಿ ಇದ್ದಷ್ಟೂ, ಹೊತ್ತು ಹೋದಷ್ಟೂ ಜಾಸ್ತಿ.

ಉಂಡೆಯನ್ನು ಲೋಟದಲ್ಲೇ ಬಿಟ್ಟು ನಾನು ಇಪ್ಪತ್ತು ನಿಮಿಷ ಪುಸ್ತಕ ಓದುತ್ತಾ ಟೀ ಕುಡಿಯುತ್ತಿದ್ದೆ. ಅಂದರೆ ಕುಡಿಯುವಾಗಲೂ ಟೀ ಆಗುತ್ತಲೇ ಇತ್ತು. ಆ ನಡುವಿನ ಎರಡು ಗುಟುಕು ಕೂನೂರಿನ ಹಾಗೆ ಇದ್ದದ್ದು ಅದಕ್ಕೇ. ಆ ಹೊತ್ತಿಗೆ ಅದು ಸರಿಯಾಗಿ ಆಗಿತ್ತು, ಆಮೇಲೆ ದಾಟಿ ಹೋಗುತ್ತಿತ್ತು. ಕೂನೂರಿನವರು ಗಂಟೆ ಬಾರಿಸಿದ ಕೂಡಲೇ ಕಪ್ಪು ಮಲಗಿಸಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಟೀ ರುಚಿ ನೋಡಲು ಒಂದು ಅಂತರರಾಷ್ಟ್ರೀಯ ಅಳತೆಯೇ ಇದೆ, ಐಎಸ್‌ಒ 3103 ಅಂತ. 100 ಮಿಲಿ ನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಒಂದು ಟೀಯನ್ನು ಇನ್ನೊಂದರ ಜೊತೆ ಹೋಲಿಸಿ ನೋಡಲು ಇರುವ ವಿಧಾನ ಅದು. ಗಟ್ಟಿಯಾಗಿ ಮಾಡಿದರೆ ಗುಣವೂ ದೋಷವೂ ಎದ್ದು ಕಾಣುತ್ತವೆ. ಮನೆಯಲ್ಲಿ ಸಂತೋಷಕ್ಕೆ ಕುಡಿಯುವವರಿಗೆ ಅಷ್ಟು ಎಲೆಯೂ ಬೇಡ, ಅಷ್ಟು ಹೊತ್ತೂ ಬೇಡ. ನನಗೆ ಹೊಂದಿದ್ದು 200 ಮಿಲಿಗೆ ಎರಡೂವರೆ ಗ್ರಾಂ, ಮೂರು ನಿಮಿಷ. ಹಾಗೆ ನೋಡಿದರೆ ಕಾಲು ಕೆಜಿ ಎಲೆ ಅಂದರೆ ನೂರು ಲೋಟ ಟೀ.

ಹಾಗಾಗಿ ಇನ್‌ಫ್ಯೂಸರಿನ ನಿಜವಾದ ಕೆಲಸ ಎಲೆಯನ್ನು ಒಂದೇ ಸಲಕ್ಕೆ, ಪೂರ್ತಿಯಾಗಿ ನೀರಿನಿಂದ ಎತ್ತಲು ಅನುಕೂಲ ಮಾಡಿಕೊಡುವುದು. ಜರಡಿಯೂ ಇದನ್ನೇ ಮಾಡುತ್ತದಲ್ಲ ಅಂತ ಕೇಳಬಹುದು. ಪಾತ್ರೆಯಲ್ಲಿ ಎಲೆ ನೆನೆಸಿ ಹೊತ್ತಿಗೆ ಸರಿಯಾಗಿ ಸೋಸಿಕೊಂಡರೆ ಅದೂ ಸರಿಯೇ. ಆದರೆ ಜರಡಿ ಹಿಡಿದಾಗ ನಾವು ಟೀಯನ್ನು ಎಲೆಯಿಂದ ತೆಗೆಯುತ್ತೇವೆ, ಎಲೆ ಹರಡಿ ಚರಟವಾಗುತ್ತದೆ. ಇನ್‌ಫ್ಯೂಸರಿನಲ್ಲಿ ಎಲೆಯನ್ನು ಟೀಯಿಂದ ತೆಗೆಯುತ್ತೇವೆ. ಎಲೆ ಹಾಗೇ ಬುಟ್ಟಿಯಲ್ಲಿ ಉಳಿಯುತ್ತದೆ, ಇನ್ನೊಂದು ಸಲ ನೀರು ಹಾಕಿಸಿಕೊಳ್ಳಲು ತಯಾರಾಗಿ.

ಚೊಗರು

ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು ಅಂತ ಯೋಚಿಸುವಾಗ ಅಡಿಕೆಯ ಅಂಗಳ ನೆನಪಿಗೆ ಬಂತು. ಒಗರಿಗೆ ನಮ್ಮ ಕಡೆ ಚೊಗರು ಅನ್ನುತ್ತೇವೆ. ಎಳೆ ಬಾಳೆಕಾಯಿ ಚೊಗರು, ನೆಲ್ಲಿಕಾಯಿ ಚೊಗರು. ಆ ಮಾತಿಗೆ ಇನ್ನೊಂದು ಅರ್ಥವೂ ಇದೆ. ಅಡಿಕೆ ಬೇಯಿಸಿದ ಕೆಂಪು ನೀರು. ದೀಪಾವಳಿ ಕಳೆಯುತ್ತಿದ್ದ ಹಾಗೆ ನಮ್ಮ ಮನೆಯಲ್ಲಿ ಅಡಿಕೆ ಗೊನೆಯ ಕೊಯ್ಲು ಶುರು. ಸಂಜೆಯಿಂದ ರಾತ್ರಿ ಹತ್ತರವರೆಗೂ ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಕತ್ತಿಯ ಮುಂದೆ ಕೂತು ಸುಲಿಯುವವರು, ಅವರ ಮಾತು, ಮೂಲೆಯಲ್ಲಿ ಒಂದು ರೇಡಿಯೊ. ಬೆಳಗಿನ ಜಾವ ಅಪ್ಪ ಎದ್ದು ತಾಮ್ರದ ಹಂಡೆಗೆ ಬೆಂಕಿ ಹಾಕುತ್ತಿದ್ದರು. ಹಂಡೆಯಲ್ಲಿ ಹಿಂದಿನ ದಿನದ ಚೊಗರು ಇರುತ್ತಿತ್ತು. ಹೊಸ ಅಡಿಕೆ ಅದರಲ್ಲಿ ಬೆಂದರೇ ಬಣ್ಣ. ಬೆಂದಂತೆ ಅಡಿಕೆಯೂ ತನ್ನ ಒಗರನ್ನು ನೀರಿಗೆ ಬಿಡುತ್ತದೆ. ಮಕ್ಕಳಾಗಿದ್ದಾಗ ನಮಗೆ ಆ ಹಂಡೆಯ ಹತ್ತಿರ ಕೂರುವುದೇ ಚಳಿಗಾಲದ ಸುಖ. ಹತ್ತಿರ ಹೋದರೆ ಬಟ್ಟೆಗೆ ಕಲೆ ಆಗುತ್ತದೆ ಅಂತ ಬೈಗುಳ. ಆ ಕಲೆ ಹೋಗುವುದೇ ಇಲ್ಲ. ಸುಲಿದವರ ಬೆರಳು ಸುಗ್ಗಿ ಮುಗಿದು ಹದಿನೈದು ದಿನವಾದರೂ ಕಪ್ಪಗೇ ಇರುತ್ತಿತ್ತು. ಕತ್ತಿಯ ಅಲಗು ಕೂಡ ಕಪ್ಪು.

ಅಪ್ಪ ಅಲ್ಲಿ ಗಡಿಯಾರ ನೋಡಿದ್ದು ನನಗೆ ನೆನಪಿಲ್ಲ. ಕುದಿಯುವ ಹಂಡೆಯಿಂದ ಒಂದೆರಡು ಅಡಿಕೆ ತೆಗೆದು, ಊದಿ ಆರಿಸಿ, ಉಗುರಿನಿಂದ ಒತ್ತಿ ನೋಡುತ್ತಿದ್ದರು. ನೀರಿನ ಬಣ್ಣ ನೋಡುತ್ತಿದ್ದರು. 'ಈಗ' ಅಂದರೆ ಈಗಲೇ. ಕೆಲಸದವರು ಹತ್ತು ಮಾರು ದೂರ ಇದ್ದರೂ ಓಡಿ ಬರಬೇಕು. ತೂತಿನ ಬುಟ್ಟಿ ಇಳಿಸಿ ಅಡಿಕೆಯನ್ನೆಲ್ಲ ಎತ್ತಬೇಕು, ನೀರು ಬಸಿಯಲು ಬಿಡಬೇಕು, ಚಪ್ಪರದ ಮೇಲೆ ಒಣಗಲು ಹರಡಬೇಕು. ಸೋಸುವ ಮಾತೇ ಅಲ್ಲಿ ಇಲ್ಲ. ಅಡಿಕೆ ಎತ್ತಿಯಾಯಿತಾ ಅಂತಲೇ ಕೇಳುತ್ತಿದ್ದದ್ದು. ಟೀಯ ಒಗರೂ ಅಡಿಕೆಯ ಚೊಗರೂ ಒಂದೇ ದೊಡ್ಡ ಕುಟುಂಬದವು, ಟ್ಯಾನಿನ್ ಅಂತ ಕರೆಯುವ ಗುಂಪಿಗೆ ಸೇರಿದವು ಅನ್ನುವುದನ್ನು ಓದಿದ್ದು ತುಂಬ ಆಮೇಲೆ. ನನಗೆ ಗೊತ್ತಿದ್ದ ವಿಷಯವನ್ನೇ ನಾನು ಬೇರೆ ಲೋಟದಲ್ಲಿ ಗುರುತಿಸಿರಲಿಲ್ಲ.

ಪಾತ್ರೆ ಅಂಗಡಿ

ಹಳೆ ಉಂಡೆ ಹೇಗೂ ಕೈಕೊಡುವುದರಲ್ಲಿತ್ತು. ಕೀಲಿನ ಹತ್ತಿರ, ಸರಪಳಿ ಸೇರುವ ಕಡೆ ತುಕ್ಕು ಬಂದಿತ್ತು. ತುಕ್ಕು ಇದ್ದಲ್ಲಿ ಟೀ ತಾಗಿ ನೀಲಿಗಪ್ಪು ಕಲೆ. ಇದು ಮೆಟ್ಟುಕತ್ತಿಯ ಅಲಗಿನ ಕಪ್ಪೇ. ಒಗರು ಮತ್ತು ಕಬ್ಬಿಣ ಸೇರಿದರೆ ಮಸಿ ಆಗುತ್ತದೆ. ಹಿಂದೆ ಬರೆಯುವ ಮಸಿಯನ್ನೇ ಅಳಲೆಕಾಯಿ ಮತ್ತು ಅನ್ನಭೇದಿ ಸೇರಿಸಿ ಮಾಡುತ್ತಿದ್ದರು, ಒಂದು ಒಗರು, ಇನ್ನೊಂದು ಕಬ್ಬಿಣದ ಉಪ್ಪು. ಉಂಡೆಯ ಮೈ ಸ್ಟೀಲೇ ಇರಬಹುದು, ಆದರೆ ಸರಪಳಿ ಹೊಳಪು ಹಾಕಿದ ಕಬ್ಬಿಣ. ಕೊಳ್ಳುವಾಗ ನಾವು ಸರಪಳಿಯನ್ನು ಯಾರು ನೋಡುತ್ತೇವೆ?

ಮಲ್ಲೇಶ್ವರದ ಒಂದು ಪಾತ್ರೆ ಅಂಗಡಿಗೆ ಹೋದೆ. ಅಂಗಡಿಯವರು ಬುಟ್ಟಿಯ ಆಕಾರದ ಇನ್‌ಫ್ಯೂಸರ್ ತೋರಿಸಿ, ಅದಕ್ಕೆ ಅಯಸ್ಕಾಂತ ಹಿಡಿದು 'ನೋಡಿ ಮೇಡಂ, ಅಂಟಲ್ಲ, ಪ್ಯೂರ್ ಸ್ಟೀಲ್' ಅಂದರು. ಈ ಪರೀಕ್ಷೆಯನ್ನು ಎಲ್ಲ ಅಂಗಡಿಯಲ್ಲೂ ಮಾಡುತ್ತಾರೆ. ಇದರ ಬಗ್ಗೆ ಒಂದು ಮಾತು ಹೇಳಲೇಬೇಕು. 304 ಅನ್ನುವ ಜಾತಿಯ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. 18/8 ಅಂತ ಪಾತ್ರೆಯ ಅಡಿಯಲ್ಲಿ ಬರೆದಿರುತ್ತಾರಲ್ಲ, ಅದು ಇದೇ. ಕ್ರೋಮಿಯಂ ಗಾಳಿಯ ಜೊತೆ ಸೇರಿ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಒಳಗಿನ ಕಬ್ಬಿಣಕ್ಕೆ ಟೀ ತಾಗದ ಹಾಗೆ ಕಾಯುವುದು ಆ ಪೊರೆ. ಗೀರಿದರೂ ಮತ್ತೆ ಕಟ್ಟುತ್ತದೆ. ಅಗ್ಗದ 200ರ ಸರಣಿಯ ಸ್ಟೀಲಿನಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ. ತುಕ್ಕಿಗೆ ಅದು ಅಷ್ಟು ಗಟ್ಟಿಯಲ್ಲ. ಆದರೆ ಅಯಸ್ಕಾಂತ ಅದಕ್ಕೂ ಅಂಟುವುದಿಲ್ಲ! ಇನ್ನೊಂದು ಕಡೆ, ಒಳ್ಳೆ 304ರ ತಂತಿಯನ್ನೇ ಎಳೆದು ನೇಯ್ದು ಜಾಲರಿ ಮಾಡಿದರೆ ಅದು ಸ್ವಲ್ಪ ಅಂಟಿದರೂ ಅಂಟಬಹುದು. ಎಳೆಯುವಾಗ ಲೋಹದ ಒಳರಚನೆ ಬದಲಾಗುತ್ತದೆ. ಹಾಗಾಗಿ ಅಯಸ್ಕಾಂತ ನಂಬಿ ಕೊಳ್ಳಬೇಡಿ. 304 ಅಂತ ಬರೆದಿದೆಯಾ ನೋಡಿ, ಕೀಲು, ಬೆಸುಗೆ, ಹಿಡಿ ಎಲ್ಲವೂ ಅದೇ ಲೋಹವಾ ಕೇಳಿ. ಕೀಲೇ ಇಲ್ಲದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ನಾನು ತಂದದ್ದು ಲೋಟದ ಬಾಯಷ್ಟೇ ಅಗಲ, ತಳದವರೆಗೆ ಇಳಿಯುವ ಬುಟ್ಟಿ. ಮೇಲೆ ಅಗಲ ಅಂಚು ಇದೆ, ಅದು ಲೋಟದ ಮೇಲೆ ಕೂರುತ್ತದೆ. ಮುಚ್ಚಳ ಇದೆ. ನೆನೆಯುವಾಗ ಮುಚ್ಚಿದರೆ ಬಿಸಿ ಉಳಿಯುತ್ತದೆ, ಎತ್ತಿದ ಮೇಲೆ ಅದನ್ನೇ ಕವುಚಿ ಬುಟ್ಟಿ ಇಟ್ಟರೆ ಮೇಜು ಒದ್ದೆಯಾಗುವುದಿಲ್ಲ. ಮೊದಲ ದಿನ ಮುಚ್ಚಳ ತೆಗೆದಾಗ ಎಲೆಗಳು ನೀರಿನಲ್ಲಿ ಮೇಲೆ ಕೆಳಗೆ ಆಡುತ್ತಿದ್ದವು. ಮೂರು ನಿಮಿಷಕ್ಕೆ ಎತ್ತಿದೆ. ಕುಡಿದೆ. ಮೊದಲ ಗುಟುಕಿನಿಂದ ಕೊನೆಯ ಗುಟುಕಿನವರೆಗೂ ಒಂದೇ ಟೀ. ಆ ಖುಷಿಯನ್ನು ಯಾರಿಗೆ ಹೇಳಲಿ ಅಂತ ಅಮ್ಮನಿಗೆ ಫೋನ್ ಮಾಡಿದೆ.

ನೀರಿನ ಮಾತು

ಒಂದು ಕೊರತೆ ಉಳಿದಿತ್ತು. ಟೀ ಮೇಲೆ ಎಣ್ಣೆ ತೇಲಿದ ಹಾಗೆ ತೆಳು ಪೊರೆ. ಲೋಟದ ಸುತ್ತ ಕಂದು ಉಂಗುರ. ಇನ್‌ಫ್ಯೂಸರಿನ ದೋಷವೇನೋ ಅಂದುಕೊಂಡು ಎಷ್ಟು ಸಲ ತಿಕ್ಕಿದೆನೋ. ಅದು ನೀರಿನದ್ದು. ನಮ್ಮ ಅಪಾರ್ಟ್‌ಮೆಂಟಿಗೆ ಕೆಲವು ದಿನ ಕಾವೇರಿ, ಕೆಲವು ದಿನ ಬೋರ್‌ವೆಲ್. ಬೋರ್‌ವೆಲ್ಲಿನ ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಟೀಯ ಪಾಲಿಫಿನಾಲಿನ ಜೊತೆ ಸೇರಿದರೆ ಈ ಪೊರೆ ಕಟ್ಟುತ್ತದೆ. ಕಾವೇರಿ ಬಂದ ದಿನ ಪೊರೆ ಕಾಣುವುದೇ ಕಡಿಮೆ, ವಾಸನೆಯೂ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಆ ದಿನ ಒಂದು ಕೊಡ ತುಂಬಿ ಇಟ್ಟುಕೊಳ್ಳುತ್ತೇನೆ. ಗಡಸು ನೀರೇ ಗತಿಯಾದರೆ ನಾಲ್ಕು ಹನಿ ನಿಂಬೆರಸ ಹಾಕಿ ನೋಡಿ, ಹುಳಿಗೆ ಪೊರೆ ನಿಲ್ಲುವುದಿಲ್ಲ. ಬಣ್ಣವೂ ತಿಳಿಯಾಗುತ್ತದೆ.

ಬುಟ್ಟಿಯ ಜಾಲರಿ ಕಂದಾದರೆ ಒಂದು ಬಟ್ಟಲು ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ನೆನೆಸಿಡಿ, ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದರೆ ಸಾಕು. ಕಬ್ಬಿಣದ ನಾರು ಹಾಕಬೇಡಿ, ಅದರ ಚೂರು ಜಾಲರಿಯಲ್ಲಿ ಸಿಕ್ಕಿ ತುಕ್ಕು ಹಿಡಿಯುತ್ತದೆ. ಹಸಿರು ಟೀ ಆದರೆ ಕುದಿಯುವ ನೀರು ಬೇಡ, 75ರಿಂದ 80 ಡಿಗ್ರಿ ಸಾಕು. ಅದಕ್ಕೆ ಥರ್ಮಾಮೀಟರ್ ಹುಡುಕಬೇಕಾಗಿಲ್ಲ. ಕಾಫಿ ಆರಿಸುವ ಹಾಗೆ ಒಂದು ಲೋಟದಿಂದ ಇನ್ನೊಂದಕ್ಕೆ ಎರಡು ಮೂರು ಸಲ ಹುಯ್ದು ಬಳಸುತ್ತೇನೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ ಇರುವುದರಿಂದ ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಕೂನೂರಿನಲ್ಲಿ 94ರ ಹತ್ತಿರ.

ಎಲ್ಲಕ್ಕೂ ಇದೇ ಬುಟ್ಟಿ ಆಗುವುದಿಲ್ಲ ಅನ್ನುವುದನ್ನು ತೋರಿಸಿದ್ದು ಅಮ್ಮ. ಬೆಂಗಳೂರಿಗೆ ಬಂದಿದ್ದಾಗ 'ಎಂತದೇ ಇದು, ಜೇನುಗೂಡಿನ ಹಂಗೆ ಇದೆ' ಅಂತ ಬೆಳಕಿಗೆ ಹಿಡಿದು ನೋಡಿದಳು. ಮರುದಿನ ನನಗೆ ನೆಗಡಿ. ಊರಿಂದ ತಂದ ಕಷಾಯದ ಪುಡಿಯನ್ನು, ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು ಹುರಿದು ಪುಡಿ ಮಾಡಿದ್ದು, ಅದಕ್ಕೆ ಹಾಕಿ ನೀರು ಹುಯ್ದಳು. ಪುಡಿಯ ಅರ್ಧ ಲೋಟಕ್ಕೆ ಇಳಿಯಿತು, ಅರ್ಧ ಜಾಲರಿಗೆ ಮೆತ್ತಿಕೊಂಡಿತು. ಅಮ್ಮ ಒಂದು ಗುಟುಕು ಕುಡಿದು, ಎಲ್ಲವನ್ನೂ ಪಾತ್ರೆಗೆ ಸುರಿದು ಒಲೆ ಹಚ್ಚಿದಳು. 'ಕಷಾಯ ಅಂದ್ರೆ ಕುದಿಬೇಕು ಕಣೇ, ಕಾಳು ಎಲೆ ಹಂಗಲ್ಲ' ಅಂದಳು. ಅಲ್ಲೇ ಇದ್ದ ಮಜ್ಜಿಗೆ ಹುಲ್ಲನ್ನು ಮಾತ್ರ ಕತ್ತರಿಸಿ ಬುಟ್ಟಿಗೆ ಹಾಕಿ ನೋಡಿದಳು. ಅದು ಚೆನ್ನಾಗಿ ಬಂತು. ಸಿಟಿಸಿ ಪುಡಿಗೂ ಈ ಬುಟ್ಟಿ ಬೇಡ. ಸಣ್ಣ ಕಾಳು ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಹಾಲಿಲ್ಲದೆ ಕುಡಿದರೆ ಬರೀ ಖಡಕ್ಕು. ಅದಕ್ಕೆ ಅಮ್ಮನ ಪಾತ್ರೆಯೇ ಸರಿ.

ಊರಿನಲ್ಲಿ

ಕಳೆದ ಸಲ ಕೊಯ್ಲಿನ ಹೊತ್ತಿಗೆ ಊರಿಗೆ ಹೋಗುವಾಗ ಅಮ್ಮನಿಗೂ ಒಂದು ಬುಟ್ಟಿ ಕೊಂಡೆ. ಅಂಗಡಿಯವರು ಕೇಳುವ ಮೊದಲೇ ಮುಚ್ಚಳದ ಮೇಲೆ ಅವಳ ಹೆಸರು ಕೊರೆಸಿದೆ. ನಮ್ಮ ಮನೆಯ ಲೋಟ, ತಟ್ಟೆ, ಡಬ್ಬಿ ಎಲ್ಲದರ ಮೇಲೂ ಇರುವ ಹೆಸರು ಅದು. ಜೊತೆಗೆ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನ ಟೀ ಎಲೆ. ನಮ್ಮ ಮಲೆನಾಡಿನಲ್ಲೂ ಇಂಥ ಎಲೆ ಬೆಳೆಯುತ್ತದೆ ಅನ್ನುವುದು ಅಮ್ಮನಿಗೆ ಗೊತ್ತಿತ್ತು, ಕುಡಿದಿರಲಿಲ್ಲ.

ಮನೆ ಹಿಂದಿನ ಗುಡ್ಡದಿಂದ ಬರುವ ಅಬ್ಬಿ ನೀರು ಕಾಸಿದೆವು. ಅಂಗಳದಲ್ಲಿ ಹಂಡೆ ಉರಿಯುತ್ತಿತ್ತು. ಅಪ್ಪನಿಗೆ ಈಗ ಬಗ್ಗಲು ಆಗುವುದಿಲ್ಲ, ಕುರ್ಚಿ ಹಾಕಿ ಕೂತು ಹೇಳುತ್ತಾರೆ ಅಷ್ಟೇ. ಅಮ್ಮ ಜಗುಲಿಯಲ್ಲಿ ನನ್ನ ಪಕ್ಕ ಕೂತಳು. ಎಲೆಗೆ ನೀರು ಹುಯ್ದು ಮುಚ್ಚಿ, ನಾನು ಫೋನಿನಲ್ಲಿ ಮೂರು ನಿಮಿಷ ಇಟ್ಟೆ. ಅಮ್ಮ ಮುಚ್ಚಳ ತೆಗೆದಳು. ಮುಚ್ಚಮ್ಮ, ಬಿಸಿ ಹೋಗುತ್ತೆ ಅಂದೆ. ಅವಳು ಬುಟ್ಟಿಯನ್ನು ಚೂರು ಎತ್ತಿ, ಕೆಳಗಿನ ನೀರು ನೋಡಿ, ಮತ್ತೆ ಇಳಿಸಿದಳು. ಇನ್ನೊಂದು ಸಲ ನೋಡಿದಳು. 'ಬಣ್ಣ ಬಂತು. ಎತ್ತೇ' ಅಂದಳು.

ಫೋನ್ ನೋಡಿದೆ. ಎರಡು ನಿಮಿಷ ನಲವತ್ತು ಸೆಕೆಂಡು ಆಗಿತ್ತು. ಎತ್ತಿದೆ. ಮೇಲೆ ಪೊರೆ ಇಲ್ಲ, ಕನ್ನಡಿಯ ಹಾಗೆ ತಿಳಿ. ಅಮ್ಮ ಅಪ್ಪನಿಗೆ ಅರ್ಧ ಲೋಟ ಕೊಟ್ಟು ಬಂದು, ತಾನು ಎರಡು ಗುಟುಕು ಕುಡಿದು, 'ಬಾಯಿ ಹಿಡಿಯೂದಿಲ್ಲ ಇದು' ಅಂದಳು. ಆಮೇಲೆ ಬುಟ್ಟಿಯೊಳಗೆ ಬೆರಳು ಹಾಕಿ ಒಂದು ಎಲೆ ತೆಗೆದು, ಅಂಗೈ ಮೇಲೆ ಬಿಡಿಸಿ ಇಟ್ಟುಕೊಂಡಳು. ಗುಲಾಬಿ ಬುಡಕ್ಕೆ ಹಾಕಿ ಬರಲಾ ಅಂತ ನಾನು ಕೈ ಚಾಚಿದರೆ ಕೊಡಲಿಲ್ಲ.

'ಇನ್ನೊಂದ್ಸಲ ನೀರು ಹಾಕು' ಅಂದಳು. 'ಇನ್ನೂ ಇದೆ ಇದ್ರಲ್ಲಿ.'